ತತ್ತ್ವಶಾಸ್ತ್ರದ ಹೊಸಿಲಲ್ಲಿ

“ಸಾಕು ಬಿಡಪ್ಪಾ, ವೇದಾಂತ ಹೇಳಬ್ಯಾಡ” ಎಂಬ ಮಾತು ನಮ್ಮ ಬಳ್ಳಾರಿಯ ಮನೆಗಳಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಕೊಟ್ಟ ಸಾಲವನ್ನು ಕೇಳಲು ಹೋದಾಗ “ದುಡ್ಡು ಯಾರಪ್ಪಂದು, ಇವತ್ತು ಇರತೈತಿ, ನಾಳೆ ಹೋಗತೈತಿ” ಎನ್ನುವವನು ವೇದಾಂತಿ. ಪರೀಕ್ಷೆಯಲ್ಲಿ ನಪಾಸಾಗಿ ಬಂದು “ಎಲ್ಲಾ ಹಣೆಬರಹ” ಎನ್ನುವ ಹುಡುಗನೂ ವೇದಾಂತಿ. ಇಷ್ಟು ದೊಡ್ಡ ಮಾತು ಇಷ್ಟು ಸಣ್ಣ ಕೆಲಸಕ್ಕೆ ಬಂದುದು ಹೇಗೆಂಬುದನ್ನು ಭಾಷಾಶಾಸ್ತ್ರಜ್ಞರು ವಿಚಾರಿಸಲಿ. ನುಣುಚಿಕೊಳ್ಳಲು ಆಡುವ ಈ ಮಾತಿಗೂ ತತ್ತ್ವಶಾಸ್ತ್ರವೆಂದು ಹೆಸರು ಪಡೆದ ವಿದ್ಯೆಗೂ ಸಂಬಂಧವೇನಾದರೂ ಇದ್ದರೆ ಅದು ವಿರೋಧಸಂಬಂಧ. ವಾದದೊಳಕ್ಕೆ ಇಳಿಯುವುದು, ಎದುರಾಳಿಯ ಮಾತನ್ನು ಅವನಿಗಿಂತಲೂ ಚೆನ್ನಾಗಿ ಹೇಳಿ ಆಮೇಲೆ ತನ್ನ ಮಾತನ್ನು ಹೇಳುವುದು ಆ ವಿದ್ಯೆಯ ಸ್ವಭಾವ. ಈ ವಿದ್ಯೆಯ ಬೇರುಗಳು ಕಾಶಿಯಲ್ಲೋ ಗ್ರೀಸಿನಲ್ಲೋ ಮಾತ್ರ ಇವೆಯೆಂದು ತಾವು ತಿಳಿದಿದ್ದರೆ, ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕೆಂದು ನನ್ನ ವಿನಂತಿ.

ಮೊದಲು ಹೆಸರಿನ ವಿಚಾರ. ಪಂಡಿತವೃತ್ತಿಯವನಿಗೆ ಇದನ್ನು ಬಿಟ್ಟು ಮುಂದೆ ಹೋಗಲು ಮನಸ್ಸು ಬಾರದು. ‘ತತ್’ ಎಂದರೆ ಅದು. ‘ತತ್ತ್ವ’ ಎಂದರೆ ಅದರತನ, ವಸ್ತು ಇದ್ದಂತೆ ಇರುವ ಬಗೆ. ಅದನ್ನು ವಿಚಾರಿಸುವ ಶಾಸ್ತ್ರ ತತ್ತ್ವಶಾಸ್ತ್ರ. ‘ದರ್ಶನ’ವೆಂಬುದು ನೋಡು ಎಂಬ ಅರ್ಥದ ಧಾತುವಿನಿಂದ ಬಂದದ್ದು, ಒಂದು ನಿಲುವಿನಿಂದ ಕಂಡ ನೋಟವೆಂದು ಅದರ ಧ್ವನಿ. ನೋಟವೆಂದೊಡನೆ ಬೇರೆ ನೋಟವೂ ಇರಬಹುದೆಂಬ ಒಪ್ಪಿಗೆ ಅದರಲ್ಲಿ ಅಡಗಿದೆ. ಗ್ರೀಕರ ‘ಫಿಲಾಸಫಿ’ ಎಂಬ ಪದಕ್ಕೆ ಜ್ಞಾನದ ಮೇಲಣ ಪ್ರೀತಿ ಎಂದರ್ಥ. ಪ್ರೀತಿಯೇ ಹೊರತು ಸಂಪಾದನೆಯಲ್ಲ ಎಂಬುದನ್ನು ಗಮನಿಸಬೇಕು. ವೇದಾಂತವೆಂಬುದಾದರೋ ಹಲವು ದರ್ಶನಗಳಲ್ಲಿ ಒಂದು. ಒಂದು ಮನೆಯ ಹೆಸರನ್ನು ಇಡೀ ಓಣಿಗೆ ಇಟ್ಟಂತೆ ನಾವು ಅದನ್ನು ಬಳಸುತ್ತಿದ್ದೇವೆ.

ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಬೆಟ್ಟಗಳಲ್ಲಿ 1960ರ ದಶಕದಲ್ಲಿ ಪುರಾತತ್ತ್ವಜ್ಞರು ಉತ್ಖನನ ನಡೆಸಿದರು. ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ಅಲ್ಲಿ ಬಾಳಿದ ನವಶಿಲಾಯುಗದ ಜನ ಸತ್ತ ಎಳೆಯ ಮಕ್ಕಳನ್ನು ಮಡಕೆಗಳಲ್ಲಿಟ್ಟು ಹೂಳುತ್ತಿದ್ದುದು ತಿಳಿದುಬಂದಿತು. ಅವರಿಗೆ ಅಕ್ಷರವಿರಲಿಲ್ಲ. ಆದರೂ ಕೂಸನ್ನು ಹಾಗೆ ಮಡಕೆಯಲ್ಲಿ ಮಲಗಿಸಿದ ತಾಯಿಯ ಎದೆಯಲ್ಲಿ, ಇದು ಇಲ್ಲಿಗೇ ಮುಗಿಯಿತೆ, ಇನ್ನೇನಾದರೂ ಉಳಿದಿದೆಯೆ ಎಂಬ ಪ್ರಶ್ನೆ ಇರದೆ ಹೋಗಿರಲಾರದು. ಇರುವುದೇನು, ಉಳಿಯುವುದೇನು ಎಂಬ ಈ ಪ್ರಶ್ನೆಗೆ ಸಂಬಂಧಪಟ್ಟ ಶಾಖೆಯೇ ತತ್ತ್ವಮೀಮಾಂಸೆ. ಅಷ್ಟಕ್ಕೇ ಒಬ್ಬ ತಂಟೆಕೋರ ಎದ್ದು, “ಆ ತಾಯಿಯ ಮನಸ್ಸು ನಿಮಗೆ ಹೇಗೆ ಗೊತ್ತಾಯಿತು ಸಾರ್?” ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದು ಜ್ಞಾನಮೀಮಾಂಸೆ, ನಮ್ಮವರು ಪ್ರಮಾಣವಿಚಾರವೆಂದರು. ಹೇಗೆ ನಡೆದುಕೊಳ್ಳಬೇಕೆಂಬುದು ನೀತಿಶಾಸ್ತ್ರ, ಸರಿಯಾಗಿ ಯೋಚಿಸುವ ಕ್ರಮ ತರ್ಕಶಾಸ್ತ್ರ, ಚೆಲುವೆಂದರೇನೆಂಬುದು ಸೌಂದರ್ಯಮೀಮಾಂಸೆ. ಕೊನೆಯದರಲ್ಲಿ ರಸ, ಧ್ವನಿಗಳ ವಿಚಾರ ಬಲು ಸೊಗಸಾದುದಾದರೂ ಅದಕ್ಕೆ ಬೇರೊಂದು ಲೇಖನವೇ ಬೇಕು.

ಪ್ರಮಾಣದ ವಿಚಾರದಲ್ಲಿ ಸ್ವಲ್ಪ ನಿಲ್ಲೋಣ. ಏಕೆಂದರೆ ಮನೆಮನೆಗೂ ದಿನವೂ ಬೇಕಾದ ಭಾಗ ಇದೇ. ನಮ್ಮ ಊರಿನ ಕೋಟೆ ಗುಡ್ಡದ ಮೇಲೆ ಹೊಗೆ ಕಾಣಿಸಿತೆನ್ನಿ. ಬೆಂಕಿ ಕಾಣಿಸಲಿಲ್ಲ, ಆದರೂ “ಗುಡ್ಡದ ಮೇಲೆ ಬೆಂಕಿ ಬಿದ್ದಿದೆ” ಎನ್ನುತ್ತೇವೆ. ಹೇಗೆ? ನೈಯಾಯಿಕರು ಇದನ್ನು ಐದು ಮೆಟ್ಟಿಲಾಗಿ ಬಿಡಿಸಿದರು. ಗುಡ್ಡದಲ್ಲಿ ಬೆಂಕಿಯಿದೆಯೆಂಬುದು ಪ್ರತಿಜ್ಞೆ. ಹೊಗೆಯಿರುವುದರಿಂದ ಎಂಬುದು ಹೇತು. ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಅಡುಗೆಮನೆಯಲ್ಲಿರುವಂತೆ ಎಂಬುದು ಉದಾಹರಣೆ. ಈ ಗುಡ್ಡವೂ ಅಂಥ ಹೊಗೆಯುಳ್ಳದ್ದೆಂಬುದು ಉಪನಯ. ಆದ್ದರಿಂದ ಬೆಂಕಿಯಿದೆಯೆಂಬುದು ನಿಗಮನ. ಗ್ರೀಸಿನ ಅರಿಸ್ಟಾಟಲ್ ಮೂರೇ ಮೆಟ್ಟಿಲಿನಲ್ಲಿ ಈ ಕೆಲಸವನ್ನು ಮುಗಿಸಿದ. ನಮ್ಮವರಿಗೆ ಐದೇಕೆ ಬೇಕಾಯಿತೆಂದರೆ, ಅವರ ಕಣ್ಣ ಮುಂದೆ ಯಾವಾಗಲೂ ಎದುರಿಗೆ ಕುಳಿತು ಕೇಳುವವನೊಬ್ಬನಿದ್ದ. ಅವನಿಗೆ ನಂಬಿಕೆ ಹುಟ್ಟಬೇಕು. ಅದಕ್ಕೇ ಅಡುಗೆಮನೆಯ ದೃಷ್ಟಾಂತ, ಅದಕ್ಕೇ ಕೊನೆಯಲ್ಲಿ ಮತ್ತೊಮ್ಮೆ ಹೇಳುವುದು. ಗ್ಯಾಸಿನ ಒಲೆ ಬಂದ ಮೇಲೆ ಅಡುಗೆಮನೆಯಲ್ಲಿ ಬೆಂಕಿಯುಂಟು, ಹೊಗೆಯಿಲ್ಲವಲ್ಲ ಎಂದು ತಾವು ನಗಬಹುದು. ತಾರ್ಕಿಕರು ಅದಕ್ಕೂ ಸಿದ್ಧರಾಗಿಯೇ ಇದ್ದರು: ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ; ಆದಕಾರಣ ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಬೆಂಕಿಯಿಂದ ಹೊಗೆಯನ್ನು ಊಹಿಸಕೂಡದು ಎಂದರು.

ಇನ್ನೊಂದು ತೊಡಕು ನಮ್ಮ ಸೀಮೆಯವರಿಗೆ ಚೆನ್ನಾಗಿ ತಿಳಿದದ್ದು. ಬೇಸಗೆಯ ಮಧ್ಯಾಹ್ನ ದೂರದಲ್ಲಿ ಎದ್ದುದು ಹೊಗೆಯೋ, ಸುಳಿಗಾಳಿಗೆ ಎದ್ದ ಎರೆಮಣ್ಣಿನ ಧೂಳೋ? ಸಂಡೂರಿನ ಕಡೆ ಕಂಡದ್ದು ಹೊಗೆಯೋ, ಅದಿರಿನ ಲಾರಿಗಳ ಕೆಂಪು ದೂಳೋ? ಹೇತುವೇ ಸಂದಿಗ್ಧವಾದರೆ ನಿಗಮನ ನಿಲ್ಲದು. ಬೌದ್ಧ ತಾರ್ಕಿಕನಾದ ಧರ್ಮಕೀರ್ತಿ ಆವಿಯೋ ಹೊಗೆಯೋ ಎಂದು ತಿಳಿಯದಿರುವ ಹೇತುವನ್ನು ದೋಷಗಳ ಸಾಲಿನಲ್ಲಿ ಸೇರಿಸಿದ್ದಾನೆ. ನೆರೆಮನೆಯವರ ಮೇಲೆ ನಾವು ಕಟ್ಟುವ ಅನುಮಾನಗಳಲ್ಲಿ ಎಷ್ಟು ಹೊಗೆ, ಎಷ್ಟು ಧೂಳು ಎಂದು ಆತ ಕೇಳಿದ್ದರೆ ನಮ್ಮ ಉತ್ತರವೇನಿರುತ್ತಿತ್ತೋ.

ಕಂಡದ್ದು ಪ್ರತ್ಯಕ್ಷ, ಊಹಿಸಿದ್ದು ಅನುಮಾನ. ಬಾನುಲಿಯಲ್ಲಿ ಕೇಳಿದ್ದು? ತುಂಗಭದ್ರಾ ಜಲಾಶಯದಿಂದ ಕಾಲುವೆಗೆ ಇಂಥ ದಿನ ನೀರು ಬಿಡುತ್ತಾರೆಂದು ವಾರ್ತೆಯಲ್ಲಿ ಕೇಳಿ ಸಿರುಗುಪ್ಪದ ರೈತ ಭತ್ತದ ಸಸಿಮಡಿ ಹಾಕುತ್ತಾನೆ. ಅವನು ಜಲಾಶಯವನ್ನು ಕಣ್ಣಾರೆ ಕಂಡದ್ದಿಲ್ಲ, ಹೊಗೆಯಿಂದ ಬೆಂಕಿಯನ್ನು ಊಹಿಸಿದಂತೆ ಊಹಿಸಿದ್ದೂ ಇಲ್ಲ; ಮಾತನ್ನು ನಂಬಿದ. ಇದು ಶಬ್ದಪ್ರಮಾಣ. ಎಲ್ಲ ಮಾತೂ ಪ್ರಮಾಣವಲ್ಲ, ಆಪ್ತನ ಮಾತು ಮಾತ್ರ ಪ್ರಮಾಣವೆಂದರು ನೈಯಾಯಿಕರು. ಆಪ್ತನೆಂದರೆ ನೆಂಟನಲ್ಲ, ನಮ್ಮ ಪಕ್ಷದವನಲ್ಲ. ವಿಷಯವನ್ನು ನೇರವಾಗಿ ತಿಳಿದವನು, ತಿಳಿದಂತೆ ಹೇಳುವ ಇಚ್ಛೆಯುಳ್ಳವನು. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ಇಲ್ಲೊಂದು ಧೈರ್ಯದ ಮಾತು ಸೇರಿಸಿದ್ದಾನೆ: ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ. ಹೇಳಿದವನ ಕುಲವನ್ನು ಕೇಳಬೇಡ, ಅವನಿಗೆ ತಿಳಿದಿತ್ತೆ, ಅವನು ಪ್ರಾಮಾಣಿಕನೆ ಎಂದು ಕೇಳು ಎಂದಂತಾಯಿತು. ಇಂದು ಮೊಬೈಲಿನಲ್ಲಿ ಗಳಿಗೆಗೊಂದು ಸುದ್ದಿ ಬಂದು ಬೀಳುತ್ತದೆ. ಬರೆದವನಾರೋ, ಕಳಿಸಿದವನಾರೋ. “ಎಲ್ಲರೂ ಕಳಿಸ್ಯಾರ, ಸುಳ್ಳಿರತೈತೇನು?” ಎನ್ನುತ್ತೇವೆ. ಹೀಗೆ ಹಬ್ಬಿದ ಮಾತಿನಿಂದ ಓಣಿಯ ಎರಡು ಮನೆಗಳ ನಡುವೆ ಮಾತುಕತೆ ನಿಂತುಹೋದದ್ದನ್ನು ನಾನೇ ಬಲ್ಲೆ. ಇಬ್ಬರು ಸಾಧುಗಳು; ಇಬ್ಬರಲ್ಲಿ ಒಬ್ಬರಾದರೂ ಆಪ್ತನ ಲಕ್ಷಣವನ್ನು ವಿಚಾರಿಸಿದ್ದರೆ ಸಾಕಾಗಿತ್ತು.

ಅನುಮಾನವೇ ಪ್ರಮಾಣವಲ್ಲವೆಂದವನೂ ನಮ್ಮಲ್ಲಿದ್ದ. ಚಾರ್ವಾಕನೆಂದರೆ ಸಾಲದ ತುಪ್ಪವೆಂದಷ್ಟೇ ಜನಕ್ಕೆ ನೆನಪು. ಅವನ ನಿಜವಾದ ಬಲ ಬೇರೆ ಕಡೆ ಇದೆ. ನೀನು ಕಂಡ ನಾಲ್ಕು ಅಡುಗೆಮನೆಗಳಲ್ಲಿ ಹೊಗೆಯ ಜೊತೆಗೆ ಬೆಂಕಿಯಿತ್ತು, ಒಪ್ಪಿದೆ. ಕಾಣದ ಎಲ್ಲ ಕಡೆಯೂ, ಎಲ್ಲ ಕಾಲದಲ್ಲಿಯೂ ಹಾಗೆಯೇ ಎಂದು ಯಾರು ಹೇಳಿದರು? ಅದನ್ನೂ ಅನುಮಾನದಿಂದಲೇ ಸಾಧಿಸಿದರೆ ಆ ಅನುಮಾನಕ್ಕೆ ಆಧಾರವೇನು? ಈ ಪ್ರಶ್ನೆಯನ್ನೇ ಬಹು ಶತಮಾನಗಳ ಅನಂತರ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ (1711–1776) ಕೇಳಿ ಯೂರೋಪಿನ ವಿದ್ವಾಂಸರ ನಿದ್ದೆ ಕೆಡಿಸಿದ. ಇಂದಿನವರೆಗೆ ಸೂರ್ಯ ಮೂಡಿದ ಮಾತ್ರಕ್ಕೆ ನಾಳೆಯೂ ಮೂಡುತ್ತಾನೆಂಬುದಕ್ಕೆ ತರ್ಕದ ಆಧಾರವೆಲ್ಲಿ ಎಂದ. ಇಷ್ಟೆಲ್ಲ ಸಂಶಯಪಟ್ಟು ತಲೆ ಬಿಸಿಯಾದಾಗ ಸ್ನೇಹಿತರೊಡನೆ ಊಟಮಾಡಿ, ಪಗಡೆಯಂಥ ಆಟವೊಂದನ್ನು ಆಡುತ್ತ ಕುಳಿತರೆ ಸಂಶಯವೆಲ್ಲ ಹಾರಿಹೋಗುತ್ತದೆಂದು ಅವನೇ ಒಪ್ಪಿಕೊಂಡಿದ್ದಾನೆ. ಹ್ಯೂಮನಿಗಿಂತ ಏಳುನೂರು ವರ್ಷ ಮೊದಲೇ ಮಿಥಿಲೆಯ ಉದಯನನು ಚಾರ್ವಾಕನಿಗೆ ಕೊಟ್ಟ ಉತ್ತರ ಇದಕ್ಕೆ ಬಲು ಹತ್ತಿರ: ಸಂಶಯಕ್ಕೂ ಎಲ್ಲೆಯುಂಟು, ನಡತೆಯೇ ಸಂಶಯವನ್ನು ಸುಳ್ಳುಮಾಡುವಲ್ಲಿ ಸಂಶಯ ನಿಲ್ಲಬೇಕು. ಉತ್ತರ ಪೂರ್ತಿಯಾಯಿತೆ? ನನಗೆ ಆಗಿಲ್ಲವೆಂದೇ ತೋರುತ್ತದೆ. ಬದುಕಲು ನಂಬಲೇಬೇಕೆಂಬುದು ಒಂದು, ನಂಬಿದ್ದು ನಿಜವೆಂಬುದು ಇನ್ನೊಂದು. ಜರ್ಮನಿಯ ಕಾಂಟ್ ತನ್ನ ಮಹಾಗ್ರಂಥವನ್ನು 1781ರಲ್ಲಿ ಹೊರತಂದದ್ದು ಹ್ಯೂಮನ ಈ ಪ್ರಶ್ನೆಯಿಂದ ಎಚ್ಚತ್ತೇ.

ಇನ್ನು ನೀತಿಯ ವಿಚಾರಕ್ಕೆ ಸಿರುಗುಪ್ಪ ತಾಲ್ಲೂಕಿಗೇ ಮರಳೋಣ. ಅಲ್ಲಿ ನಿಟ್ಟೂರು, ಉಡೇಗೋಳ ಎಂಬ ಊರುಗಳಿವೆ. 1970ರ ದಶಕದ ಕೊನೆಯ ಭಾಗದಲ್ಲಿ ಈ ಎರಡು ಕಡೆಯೂ ಅಶೋಕನ ಕಿರುಬಂಡೆ ಶಾಸನಗಳು ಬೆಳಕಿಗೆ ಬಂದವು. ಕ್ರಿಸ್ತಪೂರ್ವ ಮೂರನೆಯ ಶತಮಾನದವು; ಲಿಪಿ ಬ್ರಾಹ್ಮೀ, ಭಾಷೆ ಪ್ರಾಕೃತ. ಸಾಮಾನ್ಯವಾಗಿ ದೇವಾನಾಂಪ್ರಿಯನೆಂಬ ಬಿರುದು ಮಾತ್ರ ಕಾಣಿಸುವ ಶಾಸನಗಳಿಗೆ ಭಿನ್ನವಾಗಿ ಇಲ್ಲಿ ಅಶೋಕನ ಹೆಸರೇ ಕಾಣಿಸುತ್ತದೆ. ಹೇಳಿರುವುದಾದರೂ ಏನು? ತಂದೆತಾಯಿಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ನಿಜ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು. ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಪ್ರಯತ್ನದಿಂದ ಫಲ ದೊರೆಯುತ್ತದೆಂಬ ಭರವಸೆಯೂ ಇದೆ. ಇದೇ ಗುಂಪಿನ ಎರ್ರಗುಡಿಯ ಶಾಸನದಲ್ಲಿ (ಅದು ಈಗ ಆಂಧ್ರದ ಕರ್ನೂಲು ಸೀಮೆಯಲ್ಲಿದೆ) ಈ ಮಾತುಗಳನ್ನು ಭೇರಿ ಬಾರಿಸಿ ಹಳ್ಳಿಗರಿಗೆ ಸಾರಬೇಕೆಂದು ಅಧಿಕಾರಿಗೆ ಅಪ್ಪಣೆಯಾಗಿದೆ. ಆ ಕಾಲದ ಬಾನುಲಿ ಎನ್ನೋಣ.

ಇದು ನೀತಿ, ಇನ್ನೂ ನೀತಿಶಾಸ್ತ್ರವಲ್ಲ. “ಯಾಕೆ?” ಎಂದು ಕೇಳಿದಾಗ ಶಾಸ್ತ್ರ ಹುಟ್ಟುತ್ತದೆ. ರಾಜ ಹೇಳಿದ್ದರಿಂದ ಇವು ಒಳ್ಳೆಯವಾದವೋ, ಒಳ್ಳೆಯವಾದ್ದರಿಂದ ರಾಜ ಹೇಳಿದನೋ? ಅಶೋಕನಿಗಿಂತ ನೂರಕ್ಕೂ ಹೆಚ್ಚು ವರ್ಷ ಹಿಂದೆ ಅಥೆನ್ಸ್ ನಗರದಲ್ಲಿ ಸಾಕ್ರೆಟೀಸ್ ರಾಜನ ಬದಲು ದೇವತೆಗಳನ್ನಿಟ್ಟು ಇದೇ ಪ್ರಶ್ನೆ ಕೇಳಿದನೆಂದು ಅವನ ಶಿಷ್ಯ ಪ್ಲೇಟೋ ಬರೆದಿದ್ದಾನೆ. ಆ ಸಂವಾದದ ಹೆಸರು ಯೂಥಿಫ್ರೊ. ಯೂಥಿಫ್ರೊ ಎಂಬಾತ ತನ್ನ ತಂದೆಯ ಮೇಲೆಯೇ ಕೊಲೆಯ ಮೊಕದ್ದಮೆ ಹೂಡಲು ನ್ಯಾಯಸ್ಥಾನಕ್ಕೆ ಬಂದಿದ್ದಾನೆ. ಕುಡಿದ ಮತ್ತಿನಲ್ಲಿ ಮನೆಯ ಆಳನ್ನು ಕೊಂದ ಕೂಲಿಯವನೊಬ್ಬನನ್ನು ಅವನ ತಂದೆ ಕೈಕಾಲು ಕಟ್ಟಿ ಹಳ್ಳಕ್ಕೆ ಹಾಕಿದ್ದ. ಆ ಕೂಲಿಯವ ಹಸಿವು ಚಳಿಗಳಿಂದ ಸತ್ತ. ಈಗ ನಿಟ್ಟೂರಿನ ಬಂಡೆಯನ್ನು ನೆನೆಯಿರಿ. ತಂದೆಯ ಮಾತು ಕೇಳು ಎಂದಿದೆ, ಪ್ರಾಣಿದಯೆಯಿರಲಿ ಎಂದಿದೆ, ನಿಜ ನುಡಿ ಎಂದೂ ಇದೆ. ಮೂರೂ ಒಂದರೊಡನೊಂದು ಸೆಣಸಿದಾಗ? ಬಂಡೆ ಮೌನವಾಗಿದೆ. ಸಾಕ್ರೆಟೀಸನೂ ತೀರ್ಪು ಕೊಡಲಿಲ್ಲ. ಧರ್ಮವೆಂದರೇನೆಂದು ತನಗೆ ಗೊತ್ತೆನ್ನುವ ಯೂಥಿಫ್ರೊನನ್ನು ಕೇಳಿ ಕೇಳಿ ಸುಸ್ತುಮಾಡಿ ಕಳಿಸಿದ. ನಮ್ಮ ಕಠೋಪನಿಷತ್ತಿನ ನಚಿಕೇತನೂ ತಂದೆಯನ್ನೇ ಪ್ರಶ್ನಿಸಿದವನು. ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಡುತ್ತಿದ್ದ ತಂದೆಯ ಮುಂದೆ ನಿಂತು, ನನ್ನನ್ನು ಯಾರಿಗೆ ಕೊಡುತ್ತೀ ಎಂದು ಮೂರು ಸಲ ಕೇಳಿದ. ನಮ್ಮ ಮನೆಗಳಲ್ಲಾದರೆ ಎರಡನೆಯ ಸಲಕ್ಕೇ “ಸುಮ್ಮಕ ಕೂಡಲೇ” ಎಂಬ ಗದರಿಕೆ ಬೀಳುತ್ತಿತ್ತು. ನಚಿಕೇತನ ತಂದೆಯೂ ಮೃತ್ಯುವಿಗೆ ಕೊಡುತ್ತೇನೆಂದು ಗದರಿಯೇ ಬಿಟ್ಟ. ಆದರೆ ಉಪನಿಷತ್ತು ನಿಂತದ್ದು ಮಗನ ಕಡೆಗೆ.

ನಿಜ ನುಡಿಯುವ ವಿಷಯದಲ್ಲಿ ಪೂರ್ವ ಪಶ್ಚಿಮಗಳ ನಡುವೆ ಇನ್ನೊಂದು ಸ್ವಾರಸ್ಯವಿದೆ. ಮಹಾಭಾರತದ ಕರ್ಣಪರ್ವದಲ್ಲಿ ಕೌಶಿಕನೆಂಬ ತಪಸ್ವಿಯ ಕಥೆಯನ್ನು ಕೃಷ್ಣ ಹೇಳುತ್ತಾನೆ. ಕಳ್ಳರಿಗೆ ಹೆದರಿ ಕಾಡಿನಲ್ಲಿ ಅಡಗಿದ ಜನ ಎಲ್ಲಿದ್ದಾರೆಂದು ಕಳ್ಳರು ಕೇಳಿದಾಗ, ಸತ್ಯವ್ರತನಾದ ಕೌಶಿಕ ಇದ್ದಂತೆ ಹೇಳಿದ. ಜನ ಸತ್ತರು, ಕೌಶಿಕ ನರಕಕ್ಕೆ ಹೋದ. ಕಾಂಟ್ 1797ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಅಕ್ಷರಶಃ ಇದೇ ಸಂದರ್ಭ: ಕೊಲೆಗಾರ ಬಾಗಿಲಿಗೆ ಬಂದು ನಿನ್ನ ಸ್ನೇಹಿತ ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳಾಡಕೂಡದೆಂದು ಆತನ ತೀರ್ಪು. ಪೂರ್ವದವರು ಕಠಿಣ ಆದರ್ಶವಾದಿಗಳು, ಪಶ್ಚಿಮದವರು ಲೌಕಿಕರು ಎಂದು ಸಭೆಗಳಲ್ಲಿ ಭಾಷಣಮಾಡುವ ಮಹನೀಯರು ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ನನ್ನ ಮನಸ್ಸು ಇಲ್ಲಿ ಕೃಷ್ಣನ ಕಡೆಗೆ. ಆದರೆ ಒಂದು ಸುಳ್ಳಿಗೆ ಬಾಗಿಲು ತೆರೆದರೆ ಎಲ್ಲ ಸುಳ್ಳೂ ಪ್ರಾಣರಕ್ಷಣೆಯ ವೇಷದಲ್ಲಿ ಬರುತ್ತದೆಂಬ ಕಾಂಟನ ಕಡೆಯವರ ಭಯ ಹುರುಳಿಲ್ಲದ್ದಲ್ಲ.

ಬಹುಜನರ ಸುಖವೇ ಒಳಿತಿನ ಅಳತೆಯೆಂದವರು ಇಂಗ್ಲೆಂಡಿನ ಬೆಂಥಮ್, ಮಿಲ್ ಮೊದಲಾದವರು. ಜಾನ್ ಸ್ಟುವರ್ಟ್ ಮಿಲ್ 1823ರಿಂದ 1858ರವರೆಗೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ನೌಕರನಾಗಿದ್ದ. 1800ರಿಂದ ಬಳ್ಳಾರಿ ಸೀಮೆಯನ್ನು ಆಳುತ್ತಿದ್ದುದು ಅದೇ ಕಂಪನಿ. ಅವನ ಅಳತೆಗೋಲನ್ನು ನಮ್ಮ ಮಣ್ಣಿನಲ್ಲೇ ಪರೀಕ್ಷಿಸಬಹುದು. ಅದಿರು ತೆಗೆದರೆ ಹಲವರಿಗೆ ಕೂಲಿ, ಕೆಲವರಿಗೆ ಐಶ್ವರ್ಯ. ಕೆಟ್ಟ ಹಳ್ಳ, ಬೋಳಾದ ಗುಡ್ಡ ಯಾರ ಲೆಕ್ಕಕ್ಕೆ? 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ತಡೆಹಿಡಿದಾಗ ಈ ಪ್ರಶ್ನೆ ಪುಸ್ತಕದಿಂದ ಇಳಿದು ನಮ್ಮ ಬೀದಿಗೇ ಬಂದಿತ್ತು. ಇನ್ನೂ ಹುಟ್ಟದ ಮಕ್ಕಳನ್ನು ‘ಬಹುಜನ’ದಲ್ಲಿ ಎಣಿಸಬೇಕೋ ಬೇಡವೋ? ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಆಯ್ದಕ್ಕಿ ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬಾ ಎಂದಳಂತೆ. ಎಷ್ಟಾದರೆ ಸಾಕು ಎಂಬ ಪ್ರಶ್ನೆಯನ್ನು ಅಕ್ಕಿ ಗಿರಣಿಗಳ ಊರಾದ ಸಿರುಗುಪ್ಪದಲ್ಲಿ ನಿಂತು ನೆನೆದಾಗ ಆಕೆಯನ್ನು ನೀತಿಶಾಸ್ತ್ರಜ್ಞರ ಸಾಲಿನಲ್ಲಿ ಸೇರಿಸದಿರಲು ಕಾರಣ ಕಾಣುವುದಿಲ್ಲ.

ತತ್ತ್ವಮೀಮಾಂಸೆ ಎಲ್ಲಕ್ಕಿಂತ ಕಠಿಣವೆಂದು ಪ್ರತೀತಿ. ಒಂದು ಉದಾಹರಣೆಯಿಂದ ಒಳಹೋಗೋಣ. ಒಂದು ಕಾಲಕ್ಕೆ ಸಿಂದರು ಆಳಿದ ಕುರುಗೋಡಿಗೆ ಹೋದವರೆಲ್ಲ ದೊಡ್ಡಬಸವೇಶ್ವರನ ಗುಡಿಯನ್ನು ಕಂಡೇ ಬಂದಿರುತ್ತೀರಿ. ಆಳೆತ್ತರವನ್ನು ಮೀರಿದ ಏಕಶಿಲೆಯ ಬಸವ. ಶಿಲ್ಪಿ ಉಳಿ ಹಿಡಿಯುವುದಕ್ಕೆ ಮೊದಲು ಆ ಬಸವ ಬಂಡೆಯೊಳಗೆ ಇದ್ದನೆ? ಇದ್ದನೆನ್ನುತ್ತಾರೆ ಸಾಂಖ್ಯರು. ಇಲ್ಲದ್ದು ಹುಟ್ಟಲಾರದು, ಎಳ್ಳಿನಿಂದ ಎಣ್ಣೆ ಬರುತ್ತದೆ, ಮರಳಿನಿಂದ ಬಾರದು, ಕಾರಣದಲ್ಲಿ ಅಡಗಿದ್ದುದೇ ಕಾರ್ಯವಾಗಿ ಪ್ರಕಟವಾಯಿತು. ಇದು ಸತ್ಕಾರ್ಯವಾದ. ನೈಯಾಯಿಕ ಒಪ್ಪುವುದಿಲ್ಲ. ಮೊದಲೇ ಇದ್ದಿದ್ದರೆ ಶಿಲ್ಪಿ ಬೆವರಿಳಿಸಿದ್ದೇಕೆ? ಬಂಡೆಗೇ ಪೂಜೆ ಮಾಡಬಹುದಾಗಿತ್ತಲ್ಲ? ಬಸವ ಹೊಸದಾಗಿ ಉಂಟಾದ ವಸ್ತು ಎನ್ನುತ್ತಾನೆ. ಬೌದ್ಧನು ಬಂಡೆಯೂ ಬಸವನೂ ಕ್ಷಣಕ್ಷಣಕ್ಕೂ ಹೊಸದಾಗಿ ಹುಟ್ಟುವ ಪ್ರವಾಹವೆನ್ನುತ್ತಾನೆ. ಅದ್ವೈತಿಗೆ ಕೊನೆಗೆ ನಿಜವಾದುದು ಕಾರಣವೊಂದೇ. ಹಗ್ಗದಲ್ಲಿ ಹಾವು ತೋರಿದಂತೆ ಕಾರ್ಯವೊಂದು ತೋರಿಕೆ. ಅರಿಸ್ಟಾಟಲನಿಗೂ ಇದೇ ಚಿಂತೆ ಹತ್ತಿತ್ತು. ಮರದ ದಿಮ್ಮಿಯಲ್ಲಿ ಹರ್ಮಿಸ್ ದೇವತೆಯ ವಿಗ್ರಹ ಇದೆಯೇ ಎಂದು ಕೇಳಿಕೊಂಡು, ಶಕ್ತಿರೂಪವಾಗಿ ಇದೆ, ವ್ಯಕ್ತರೂಪವಾಗಿ ಇಲ್ಲ ಎಂದು ಎರಡು ಇರವುಗಳನ್ನು ಬೇರ್ಪಡಿಸಿದ. ಸಾಂಖ್ಯನಿಗೂ ನೈಯಾಯಿಕನಿಗೂ ನಡುವಣ ರಾಜಿಯಂತೆ ತೋರುವುದಿಲ್ಲವೆ? ಒಬ್ಬರ ಮಾತನ್ನೊಬ್ಬರು ಕೇಳಿಯೇ ಹೇಳಿದರೆಂದು ಯಾರೂ ಸಾಧಿಸಬೇಕಾಗಿಲ್ಲ. ಕಲ್ಲು ಕಡೆಯುವವರೂ ಮರ ಕೆತ್ತುವವರೂ ಎಲ್ಲ ದೇಶಗಳಲ್ಲಿಯೂ ಇದ್ದರು. ನೋಡಿ ಬೆರಗಾಗುವವರೂ ಇದ್ದರು.

ಶಂಕರ, ರಾಮಾನುಜ, ಮಧ್ವರ ವೇದಾಂತಗಳು, ವೀರಶೈವದ ಷಟ್‌ಸ್ಥಲ, ಜೈನರ ಅನೇಕಾಂತ ಇವುಗಳ ಪರಿಚಯ ತಮಗೆ ಮನೆಯಲ್ಲಿಯೋ ಮಠದಲ್ಲಿಯೋ ಬಾನುಲಿಯ ಬೆಳ್ಳಂಬೆಳಗಿನ ಚಿಂತನದಲ್ಲಿಯೋ ಆಗಿರುವುದರಿಂದ ವಿಸ್ತರಿಸುವುದಿಲ್ಲ. ಚೀನದ ಕನ್ಫ್ಯೂಷಿಯಸ್, ಲಾವೋತ್ಸೆಯವರನ್ನು ಬಿಟ್ಟು ‘ಪೂರ್ವ’ವೆಂದರೆ ನಾವು ಮಾತ್ರವೆಂದುಕೊಳ್ಳುವ ಅಭ್ಯಾಸವೂ ನಮಗಿದೆ, ಅದು ಸರಿಯಲ್ಲವೆಂದಷ್ಟೇ ಇಲ್ಲಿ ಹೇಳಬಲ್ಲೆ.

ಹೇಳಲೇಬೇಕಾದ ಸಂಗತಿ ಬೇರೊಂದಿದೆ. ಈ ಎಲ್ಲ ದರ್ಶನಗಳೂ ಒಟ್ಟಿಗೆ ಬಾಳಿದ ಬಗೆ ಅದು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕಾಳಾಮುಖ ಶೈವರ ಕೋಡಿಯ ಮಠವಿತ್ತು. 1162ರ ಶಾಸನವೊಂದು ಅದನ್ನು ವರ್ಣಿಸುತ್ತದೆ. ವೇದಗಳು, ಹಲವು ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಅವುಗಳ ಜೊತೆಗೆ ಬೌದ್ಧದರ್ಶನ ಕೂಡ ಅಲ್ಲಿ ವ್ಯಾಖ್ಯಾನವಾಗುತ್ತಿದ್ದವು. ಅದೇ ಮಠದಲ್ಲಿ ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನ, ರೋಗಿಗಳಿಗೆ ಔಷಧ. ಶೈವಮಠದಲ್ಲಿ ಬೌದ್ಧಪಾಠವೇಕೆ? ಖಂಡಿಸಬೇಕಾದರೂ ಮೊದಲು ಓದಬೇಕು ಎಂಬ ಮರ್ಯಾದೆಯಿಂದ. ಇದಕ್ಕೆ ಪೂರ್ವಪಕ್ಷವೆಂದು ಹೆಸರು. ಹದಿನಾಲ್ಕನೆಯ ಶತಮಾನದ ವಿಜಯನಗರದ ಕಾಲದಲ್ಲಿ ಮಾಧವಾಚಾರ್ಯರ ಹೆಸರಿನಲ್ಲಿ ಬಂದ ಸರ್ವದರ್ಶನಸಂಗ್ರಹವು (ಮಾಧವರೆಂದರೆ ವಿದ್ಯಾರಣ್ಯರೇ ಎಂದು ಸಂಪ್ರದಾಯ, ಕರ್ತೃವಿನ ಬಗ್ಗೆ ವಿದ್ವಾಂಸರಲ್ಲಿ ಭಿನ್ನಮತವುಂಟು) ಚಾರ್ವಾಕನಿಂದ ಆರಂಭವಾಗುತ್ತದೆ. ಚಾರ್ವಾಕರ ಸ್ವಂತ ಗ್ರಂಥಗಳು ಬಹುಮಟ್ಟಿಗೆ ನಷ್ಟವಾದವು. ಅವರ ವಾದ ಇಂದು ನಮಗೆ ತಿಳಿದಿದ್ದರೆ ಅದು ಹೆಚ್ಚಾಗಿ ಅವರ ವಿರೋಧಿಗಳು ಬರೆದಿಟ್ಟದ್ದರಿಂದ. ವೈರಿಯ ಮನೆಯ ದೀಪವನ್ನು ಇಷ್ಟು ಜೋಪಾನವಾಗಿ ಕಾಯ್ದವರು ಅಪರೂಪ.

ಹಂಪೆಯಲ್ಲಿದ್ದ ವ್ಯಾಸರಾಯರು ಅದ್ವೈತವನ್ನು ಖಂಡಿಸಿ ನ್ಯಾಯಾಮೃತವನ್ನು ಬರೆದರು. 1539ರಲ್ಲಿ ಅವರು ತೀರಿಕೊಂಡರು, ಬೃಂದಾವನ ಆನೆಗೊಂದಿಯ ಬಳಿ ನದಿಯ ನಡುಗಡ್ಡೆಯಲ್ಲಿದೆ. ವಂಗದೇಶದಿಂದ ಬಂದು ಕಾಶಿಯಲ್ಲಿ ನೆಲಸಿದ ಮಧುಸೂದನ ಸರಸ್ವತಿಗಳು ಅದನ್ನು ಸಾಲುಸಾಲಾಗಿ ಎತ್ತಿಕೊಂಡು ಅದ್ವೈತಸಿದ್ಧಿಯಲ್ಲಿ ಉತ್ತರ ಕೊಟ್ಟರು. ಆಗ ವ್ಯಾಸರಾಮಾಚಾರ್ಯರೆಂಬ ದ್ವೈತಿಗಳು ಮಧುಸೂದನರಲ್ಲಿಗೇ ಹೋಗಿ, ಶಿಷ್ಯರಾಗಿ ಪಾಠ ಕೇಳಿ, ಆಮೇಲೆ ತರಂಗಿಣಿಯೆಂಬ ಖಂಡನೆಯನ್ನು ಬರೆದರೆಂದು ಪರಂಪರೆಯ ಕಥೆ. ಅದಕ್ಕೆ ಮತ್ತೆ ಬ್ರಹ್ಮಾನಂದರ ಉತ್ತರ. ತುಂಗಭದ್ರೆಯ ದಡದಲ್ಲಿ ಎದ್ದ ಪ್ರಶ್ನೆಗೆ ಗಂಗೆಯ ದಡದಲ್ಲಿ ಉತ್ತರ, ಅದಕ್ಕೆ ಪ್ರತ್ಯುತ್ತರ. ರೈಲಿಲ್ಲ, ಅಂಚೆಯಿಲ್ಲ; ಓಲೆಗರಿಯೇ ನಡೆದುಹೋಗಬೇಕು. ಒಬ್ಬರೂ ಇನ್ನೊಬ್ಬರ ಗ್ರಂಥವನ್ನು ಓದದೆ ಬರೆಯಲಿಲ್ಲ. ನಮ್ಮ ಇಂದಿನ ಚರ್ಚೆಗಳನ್ನು ಕೇಳಿದಾಗ, ಎದುರಿನವನ ಮಾತು ಮುಗಿಯುವ ಮೊದಲೇ ಅವನ ಜಾತಿ ಯಾವುದು, ಪಕ್ಷ ಯಾವುದು ಎಂದು ಹುಡುಕುವುದನ್ನು ಕಂಡಾಗ, ಕಳೆದುಕೊಂಡ ಆಸ್ತಿ ಹಂಪೆಯ ಕಲ್ಲುಕಂಬಗಳಿಗಿಂತ ದೊಡ್ಡದೆಂದು ನನಗೆ ಅನ್ನಿಸುತ್ತದೆ. ಬೇರೆ ಮತಗಳನ್ನು ಕುರಿತು ಮಾತಾಡುವಾಗ ನಾಲಗೆಯ ಮೇಲೆ ಹಿಡಿತವಿರಬೇಕೆಂದು ಅಶೋಕನು ತನ್ನ ಹನ್ನೆರಡನೆಯ ಬಂಡೆ ಶಾಸನದಲ್ಲಿ ಹೇಳಿದ್ದಾನೆ. ಅದರ ಒಂದು ಪ್ರತಿ ಕಲಬುರ್ಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತಿದೆ.

ಪಶ್ಚಿಮದಲ್ಲಿಯೂ ಇಂಥ ಸರಪಣಿಯುಂಟು: ಪ್ಲೇಟೋ ಹೇಳಿದ್ದನ್ನು ಅವನ ಶಿಷ್ಯ ಅರಿಸ್ಟಾಟಲನೇ ಖಂಡಿಸಿದ. ಆ ಸರಪಣಿಗೂ ನಮ್ಮದಕ್ಕೂ ಕೊಂಡಿ ಬಿದ್ದದ್ದು ವಿಚಿತ್ರ ರೀತಿಯಲ್ಲಿ. ಮೊಗಲ ರಾಜಕುಮಾರ ದಾರಾ ಶಿಕೋಹ್ 1657ರಲ್ಲಿ ಉಪನಿಷತ್ತುಗಳನ್ನು ಪಾರಸಿಗೆ ಮಾಡಿಸಿದ. ಅದರಿಂದ ಫ್ರಾನ್ಸಿನ ಆಂಕೆಟಿಲ್ ದ್ಯುಪೆರೊನ್ 1801–02ರಲ್ಲಿ ಲ್ಯಾಟಿನ್ನಿಗೆ ತಂದ. ಅದನ್ನು ಓದಿದ ಜರ್ಮನಿಯ ಶೋಪೆನ್‌ಹೋವರ್ ಬಾಳಿನುದ್ದಕ್ಕೂ ಅದನ್ನು ಬಿಡಲಿಲ್ಲ. ನಮ್ಮ ಕಡೆಯಿಂದ ಆ ಕೊಂಡಿಯನ್ನು ಬಲಪಡಿಸಿದ ಊರು ಮೈಸೂರು. 1918ರಿಂದ 1921ರವರೆಗೆ ಅಲ್ಲಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ ರಾಧಾಕೃಷ್ಣನ್ನರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಅವರ ಸಾರೋಟನ್ನು ತಾವೇ ಎಳೆದುಕೊಂಡು ರೈಲು ನಿಲ್ದಾಣಕ್ಕೆ ಹೋದರು. ಅದೇ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಎಂ. ವಿ. ಗೋಪಾಲಸ್ವಾಮಿಯವರು. 1935ರಲ್ಲಿ ತಮ್ಮ ಮನೆಯಲ್ಲಿ ಬಾನುಲಿ ನಿಲಯವೊಂದನ್ನು ಸ್ಥಾಪಿಸಿದರು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಮನಶ್ಶಾಸ್ತ್ರವು ತತ್ತ್ವಶಾಸ್ತ್ರದ ಮನೆಯಿಂದ ಬೇರೆಯಾಗಿ ಬಂದ ಮಗಳು. ಆ ಲೆಕ್ಕದಲ್ಲಿ ತಾವು ಕೇಳುವ ಪೆಟ್ಟಿಗೆಗೂ ಈ ವಿದ್ಯೆಗೂ ದೂರದ ನೆಂಟಸ್ತನವಿದೆಯೆನ್ನಬಹುದು.

ಓದಬೇಕೆನ್ನುವವರು ಎಲ್ಲಿಂದ ಆರಂಭಿಸಬೇಕೆಂದು ಕೇಳುತ್ತಾರೆ. ಇಂಗ್ಲಿಷ್ ಬಲ್ಲವರಿಗೆ ಮೈಸೂರಿನವರೇ ಆದ ಎಂ. ಹಿರಿಯಣ್ಣನವರು ಭಾರತೀಯ ದರ್ಶನಗಳನ್ನು ಕುರಿತು 1932ರಲ್ಲಿ ಪ್ರಕಟಿಸಿದ ಗ್ರಂಥವಿದೆ. ಪಕ್ಷಪಾತವಿಲ್ಲದ ಬರವಣಿಗೆಗೆ ಅದು ಮಾದರಿ. ಕನ್ನಡದಲ್ಲಿ ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿ ಹಳೆಯ ಕಾಲದ ವಿಶ್ವಕೋಶ. ಹಳಗಾಲದ ಗದ್ಯಕ್ಕೆ ಹೆದರದವರು ಕೈಹಾಕಬಹುದು. ಡಿ.ವಿ.ಜಿ.ಯವರ ಜೀವನಧರ್ಮಯೋಗ ಗೃಹಸ್ಥರನ್ನೇ ಮುಂದೆ ಕೂರಿಸಿಕೊಂಡು ಆಡಿದಂತಿದೆ. ಇವೆಲ್ಲ ದೊಡ್ಡವೆನಿಸಿದರೆ ಕಠೋಪನಿಷತ್ತನ್ನೂ ಯೂಥಿಫ್ರೊ ಸಂವಾದವನ್ನೂ ಒಂದೇ ವಾರದಲ್ಲಿ, ಒಂದೊಂದು ಸಂಜೆಗೆ ಒಂದರಂತೆ, ಮನೆಯ ಪ್ರೌಢಶಾಲೆಯ ಹುಡುಗ ಹುಡುಗಿಯರಿಂದ ಗಟ್ಟಿಯಾಗಿ ಓದಿಸಿ ಕೇಳಬಹುದು. ಎರಡೂ ಚಿಕ್ಕವು, ಎರಡರಲ್ಲಿಯೂ ಒಬ್ಬ ಮಗನಿದ್ದಾನೆ, ಒಬ್ಬ ತಂದೆಯಿದ್ದಾನೆ. ನಡುವೆ ಮಕ್ಕಳು ಪ್ರಶ್ನೆ ಹಾಕಿದರೆ ಓದು ಅಲ್ಲಿಗೇ ನಿಲ್ಲಲಿ, ಅಡ್ಡಿಯಿಲ್ಲ. ಕಾಂಟನ ದೊಡ್ಡ ಪುಸ್ತಕವನ್ನು ಮಾತ್ರ ಮೊದಲಿಗೇ ತೆರೆಯಬೇಡಿ. ಅದನ್ನು ತೆರೆದವರಲ್ಲಿ ಬಹಳ ಮಂದಿ ಮರುದಿನವೇ “ವೇದಾಂತ ಹೇಳಬ್ಯಾಡ” ಎನ್ನುವವರ ಗುಂಪಿಗೆ ಸೇರಿದ್ದಾರೆ.